ದಾವಣಗೆರೆಯ ಹೃದಯವೊಂದು ಬೆಂಗಳೂರು ಮುಟ್ಟಬೇಕಾದರೆ

ರಾಷ್ಟ್ರೀಯ ಹೆದ್ದಾರಿ 48ರಲ್ಲಿ ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್ ದೂರ, ಚಿತ್ರದುರ್ಗದಿಂದಾದರೆ ಸುಮಾರು 200. ಆನಗೋಡು, ಭರಮಸಾಗರ, ದುರ್ಗ, ಐಮಂಗಲ, ಹಿರಿಯೂರು, ಶಿರಾ, ತುಮಕೂರು ಎಂದು ದಾಟುತ್ತ ಹೋದರೆ ಒಳ್ಳೆಯ ಕಾರಿಗೆ ನಾಲ್ಕು ಗಂಟೆ ಹಿಡಿಯುತ್ತದೆ. ನೆಲಮಂಗಲದ ಆಚೆಗೆ ವಾಹನಗಳ ಸಾಲು ಸಿಕ್ಕಿತೆಂದರೆ ಐದು. ದಾನಿಯ ದೇಹದಿಂದ ತೆಗೆದ ಹೃದಯವನ್ನು ಸುಮಾರು ನಾಲ್ಕು ಗಂಟೆಯೊಳಗೆ ಇನ್ನೊಬ್ಬರ ಎದೆಯಲ್ಲಿ ಜೋಡಿಸಬೇಕು ಎಂಬುದು ಪತ್ರಿಕೆ ಓದುವ ಎಲ್ಲರಿಗೂ ಗೊತ್ತಿರುವ ಸಂಗತಿಯೇ. ಈ ಎರಡು ನಾಲ್ಕುಗಳನ್ನು ಪಕ್ಕಪಕ್ಕದಲ್ಲಿಟ್ಟು, ಪೊಲೀಸರು ಜೀರೊ ಟ್ರಾಫಿಕ್ ಮಾಡಿಕೊಟ್ಟರೆ ನಮ್ಮೂರಿನ ಹೃದಯವೂ ಬೆಂಗಳೂರು ಸೇರುತ್ತದೆ ಎಂದು ಲೆಕ್ಕ ಹಾಕುವವರನ್ನು ನಾನು ಮದುವೆ ಮನೆಗಳಲ್ಲಿಯೂ ರೈಲಿನಲ್ಲಿಯೂ ಕಂಡಿದ್ದೇನೆ. ಆ ಲೆಕ್ಕ ಅಷ್ಟು ಸಲೀಸಾಗಿ ಕೂಡುವುದಿಲ್ಲ. ಅದು ಏಕೆ ಕೂಡುವುದಿಲ್ಲ, ಯಾವುದು ಬದಲಾದರೆ ಕೂಡೀತು ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ವೈದ್ಯನಲ್ಲ. ಬೆಂಗಳೂರಿನ ಆಸ್ಪತ್ರೆಯೊಂದರ ಹೃದಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಬಹುಕಾಲ ಪರ್ಫ್ಯೂಷನಿಸ್ಟ್ ಆಗಿ ಕೆಲಸ ಮಾಡಿ, ಈಗ ಊರಿಗೆ ಮರಳಿದವನು. ಶಸ್ತ್ರಚಿಕಿತ್ಸೆಯ ವೇಳೆ ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಯಂತ್ರದಿಂದ ನಡೆಸುವುದು, ಹೃದಯವನ್ನು ನಿಲ್ಲಿಸುವ ದ್ರವವನ್ನು ಹದ ಮಾಡಿ ಕೊಡುವುದು ನಮ್ಮ ಕೆಲಸ. ಓಟಿಯಲ್ಲಿ ನಮ್ಮನ್ನು ‘ಪಂಪ್‌ನವರು’ ಎನ್ನುತ್ತಾರೆ. ರೋಗಿ ಒಳಗೆ ಬರುವಾಗ ಅರೆನಿದ್ರೆಯಲ್ಲಿರುತ್ತಾನೆ, ಹೊರಗೆ ಹೋಗುವಾಗ ಪೂರ್ತಿ ನಿದ್ರೆಯಲ್ಲಿರುತ್ತಾನೆ. ಆದ್ದರಿಂದ ನಮ್ಮ ಮುಖ ಯಾವ ರೋಗಿಗೂ ಪರಿಚಯವಿಲ್ಲ.

ಮೊದಲಿಗೆ ಸಮಯದ ವಿಷಯ. ಗಡಿಯಾರ ಓಡತೊಡಗುವುದು ಆಂಬ್ಯುಲೆನ್ಸ್ ಹೊರಟಾಗ ಅಲ್ಲ. ಮಿದುಳು ಸತ್ತು, ವೆಂಟಿಲೇಟರಿನ ನೆರವಿನಲ್ಲಿ ಹೃದಯ ಮಾತ್ರ ಇನ್ನೂ ಬಡಿಯುತ್ತಿರುವ ದಾನಿಯ ಎದೆ ತೆರೆದು, ಹೃದಯವನ್ನು ಕಣ್ಣಾರೆ ನೋಡಿ, ಅದರ ಮೇಲೆ ಹರಿದು ಅದಕ್ಕೇ ರಕ್ತ ಒದಗಿಸುವ ಕೊರೊನರಿ ನಾಳಗಳಲ್ಲಿ ಎಲ್ಲಾದರೂ ಗಟ್ಟಿಯಾಗಿದೆಯೇ ಎಂದು ಬೆರಳಿನಿಂದ ತಡವಿ, ಎಲ್ಲವೂ ಸರಿಯಿದೆ ಎಂದು ಸರ್ಜನ್ ಆ ಕಡೆಯ ಆಸ್ಪತ್ರೆಗೆ ಫೋನಿನಲ್ಲಿ ತಿಳಿಸಿದ ಮೇಲೆ, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುತ್ತಾರೆ. ಮೂತ್ರಪಿಂಡದ ತಂಡ, ಯಕೃತ್ತಿನ ತಂಡ, ಹೃದಯದ ತಂಡ ಎಲ್ಲರೂ ಒಂದೇ ಟೇಬಲ್ಲಿನ ಸುತ್ತ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿರುತ್ತಾರೆ. ಎಲ್ಲರೂ ಸಿದ್ಧ ಎಂದಾದ ಮೇಲೆ ಮಹಾಪಧಮನಿಗೆ ಕ್ಲ್ಯಾಂಪ್ ಬೀಳುತ್ತದೆ. ‘ಕ್ಲ್ಯಾಂಪ್ ಆನ್’ ಎಂದು ಒಬ್ಬರು ಗಟ್ಟಿಯಾಗಿ ಹೇಳಿದರೆ, ಇನ್ನೊಬ್ಬರು ಗೋಡೆಯ ಗಡಿಯಾರ ನೋಡಿ ಆ ನಿಮಿಷವನ್ನು ಬರೆದುಕೊಳ್ಳುತ್ತಾರೆ. ಅಲ್ಲಿಂದ ಆ ಹೃದಯಕ್ಕೆ ರಕ್ತವಿಲ್ಲ. ಬೆಂಗಳೂರಿನ ರೋಗಿಯ ಎದೆಯಲ್ಲಿ ಹೊಲಿಗೆಗಳೆಲ್ಲ ಮುಗಿದು ಅಲ್ಲಿಯ ಕ್ಲ್ಯಾಂಪ್ ಬಿಚ್ಚಿ, ಹೊಸ ರಕ್ತ ಒಳಗೆ ನುಗ್ಗುವವರೆಗಿನ ಅವಧಿಯಷ್ಟನ್ನೂ ‘ಇಸ್ಕೀಮಿಕ್ ಟೈಮ್’ ಎಂದು ಕರೆಯುತ್ತೇವೆ. ನಾಲ್ಕು ಗಂಟೆ ಎಂಬುದು ಈ ಇಡೀ ಅವಧಿಗೆ ಹೇಳಿದ ಮಾತು.

ಅದರಲ್ಲಿ ಹೃದಯಕ್ಕೆ ದ್ರವ ಕೊಟ್ಟು, ಬಿಡಿಸಿ, ಪರೀಕ್ಷಿಸಿ, ಕಟ್ಟಿ, ಓಟಿಯ ಬಾಗಿಲಿನಿಂದ ವಾಹನದವರೆಗೆ ತರುವುದಕ್ಕೆ ಹತ್ತಿರ ಹತ್ತಿರ ಅರ್ಧ ಗಂಟೆ ಬೇಕು. ಆ ತುದಿಯಲ್ಲಿ ಎಡ ಹೃತ್ಕರ್ಣ, ಎರಡು ಮಹಾಸಿರೆಗಳು, ಶ್ವಾಸಕೋಶದ ಧಮನಿ, ಮಹಾಪಧಮನಿ ಇಷ್ಟನ್ನೂ ಹೊಲಿಯುವುದಕ್ಕೆ ಪಳಗಿದ ಕೈಗಳಿಗೂ ಸುಮಾರು ಒಂದು ಗಂಟೆ ಬೇಕು. ದಾರಿಗೆಂದು ಮಿಕ್ಕುವುದು ಎರಡೂವರೆ ಗಂಟೆ ಮಾತ್ರ. ಚಿತ್ರದುರ್ಗದ 200 ಕಿಲೋಮೀಟರನ್ನು ಎರಡೂವರೆ ಗಂಟೆಯಲ್ಲಿ ಮುಗಿಸಲು ಸರಾಸರಿ 80ರ ವೇಗ ಸಾಕು. ರಸ್ತೆ ತೆರವಾಗಿದ್ದರೆ ಅದು ಆಗುವ ಮಾತು. ದಾವಣಗೆರೆಯಿಂದಾದರೆ ಸರಾಸರಿಯೇ ನೂರನ್ನು ದಾಟಬೇಕು, ಅದೂ ಬೆಂಗಳೂರಿನ ಒಳಗಿನ ದಾರಿಯನ್ನು ಸೇರಿಸಿಕೊಂಡು. ಅಡ್ಡ ಬರುವ ದನ, ದೀಪವಿಲ್ಲದ ಟ್ರ್ಯಾಕ್ಟರ್, ಸರ್ವಿಸ್ ರಸ್ತೆಯಿಂದ ತಪ್ಪು ದಿಕ್ಕಿನಲ್ಲಿ ಏರಿ ಬರುವ ಬೈಕು ಇವೆಲ್ಲ ಇರುವ ಹೆದ್ದಾರಿಯಲ್ಲಿ ಅಂಥ ವೇಗವನ್ನು ಆಂಬ್ಯುಲೆನ್ಸ್ ಚಾಲಕನಿಂದ ಬಯಸುವುದು ನ್ಯಾಯವಲ್ಲ. ಅಂದರೆ ದುರ್ಗಕ್ಕೂ ದಾವಣಗೆರೆಗೂ ನಡುವಿನ ಅರವತ್ತು ಕಿಲೋಮೀಟರ್‌ನಲ್ಲಿ ಎಲ್ಲೋ ಒಂದು ಕಡೆ, ಸದ್ಯದ ವಿಧಾನದಲ್ಲಿ, ರಸ್ತೆ ಪ್ರಯಾಣದ ಗೆರೆ ಮುಗಿದುಹೋಗುತ್ತದೆ.

ಆ ಗೆರೆ ಕಲ್ಲಿನಲ್ಲಿ ಕೊರೆದದ್ದಲ್ಲ ಎಂಬುದನ್ನೂ ಹೇಳಬೇಕು. ನಾಲ್ಕು ಗಂಟೆ ಕಳೆದ ಮರುನಿಮಿಷಕ್ಕೆ ಹೃದಯ ಕೆಡುವುದಿಲ್ಲ. ಅಪಾಯ ಹಂತಹಂತವಾಗಿ ಏರುತ್ತದೆ. ಇಪ್ಪತ್ತರ ಹರೆಯದ ದಾನಿಯ ಹೃದಯ ಐದು ಗಂಟೆಯನ್ನು ತಾಳಿಕೊಂಡೀತು, ಐವತ್ತು ದಾಟಿದ ದಾನಿಯ ಹೃದಯಕ್ಕೆ ಮೂರು ಗಂಟೆಯೂ ಭಾರವಾದೀತು. ತಡವಾಗಿ ಬಂದ ಹೃದಯ ಜೋಡಿಸಿದ ಮೇಲೆ ಬಡಿಯಲು ತೊಡಗಿದರೂ ರಕ್ತವನ್ನು ತಳ್ಳುವ ಕಸುವಿಲ್ಲದೆ ಸೋಲುವುದುಂಟು. ಹೃದಯ ಕಸಿಯಾದ ಮೊದಲ ದಿನಗಳ ಸಾವುಗಳಿಗೆ ಈ ಸೋಲು ಬಹು ದೊಡ್ಡ ಕಾರಣ. ಆ ಹೊತ್ತಿನಲ್ಲಿ ಹಳೆಯ ಹೃದಯವನ್ನು ಆಗಲೇ ತೆಗೆದಾಗಿರುತ್ತದೆ. ಹಿಂದಕ್ಕೆ ಹೋಗಲು ದಾರಿಯಿರುವುದಿಲ್ಲ.

ಹಾಗಾದರೆ ಆ ನಾಲ್ಕು ಗಂಟೆಯಾದರೂ ಸಿಗುವುದು ಹೇಗೆ? ನಮ್ಮ ಚಿಕ್ಕಪ್ಪನವರು ಒಮ್ಮೆ ಊಟಕ್ಕೆ ಕುಳಿತಾಗ ಕೇಳಿದ್ದರು: “ಅಲ್ಲೋ ತಮ್ಮಾ, ಬಡ್ಕೊಂತಿರೋ ಹೃದಯಾನ ತಗೀತೀರೋ, ನಿಂತ ಮೇಲೆ ತಗೀತೀರೋ?” ಬಡಿಯುತ್ತಿರುವಾಗಲೇ ನಾವು ನಿಲ್ಲಿಸಿ ತೆಗೆಯುತ್ತೇವೆ ಎಂದೆ. “ನೀವೇ ನಿಲ್ಲಿಸ್ತೀರಾ!” ಎಂದು ಅವರು ತುತ್ತು ಹಿಡಿದ ಕೈಯನ್ನು ತಟ್ಟೆಗೆ ಇಳಿಸಿದರು. ಹೃದಯವನ್ನು ಕಾಪಾಡುವುದು ಐಸ್ ಎಂದು ಅವರು ತಿಳಿದಿದ್ದರು, ಬಹುತೇಕ ಎಲ್ಲರೂ ಹಾಗೆಯೇ ತಿಳಿದಿದ್ದಾರೆ. ಐಸ್‌ನದು ಎರಡನೆಯ ಪಾತ್ರ.

ಬಡಿಯುತ್ತಿರುವ ಹೃದಯ ಆಮ್ಲಜನಕವನ್ನು ಎಡೆಬಿಡದೆ ಉರಿಸುವ ಸ್ನಾಯು. ಅದು ತನ್ನೊಳಗೆ ಕೂಡಿಟ್ಟುಕೊಳ್ಳುವ ಶಕ್ತಿ ತೀರ ಕಡಿಮೆ. ರಕ್ತ ನಿಂತರೆ ಇರುವ ಉಳಿತಾಯ ಬೇಗನೆ ಖಾಲಿಯಾಗುತ್ತದೆ. ಬಡಿತವನ್ನು ನಿಲ್ಲಿಸಿಬಿಟ್ಟರೆ ಆಮ್ಲಜನಕದ ಅಗತ್ಯ ಸುಮಾರು ಶೇ. 90ರಷ್ಟು ಇಳಿಯುತ್ತದೆ, ದೇಹದ ಉಷ್ಣತೆಯಲ್ಲಿಯೇ ಇದ್ದರೂ ಸಹ. ಆ ಮೇಲೆ ತಣಿಸಿದರೆ ಉಳಿದದ್ದರಲ್ಲಿಯೂ ಬಹುಪಾಲು ಇಳಿಯುತ್ತದೆ. ದೊಡ್ಡ ಉಳಿತಾಯ ನಿಲ್ಲಿಸುವುದರಲ್ಲಿದೆ, ಆ ಉಳಿತಾಯವನ್ನು ಗಂಟೆಗಟ್ಟಲೆ ಹಿಗ್ಗಿಸುವ ಕೆಲಸ ತಂಪಿನದು. ನಿಲ್ಲಿಸುವುದಕ್ಕೆ ಬಳಸುವ ಮುಖ್ಯ ವಸ್ತು ಪೊಟ್ಯಾಸಿಯಂ. ನಮ್ಮ ರಕ್ತದಲ್ಲಿ ಅದು ಲೀಟರಿಗೆ 3.5ರಿಂದ 5 ಮಿಲಿಮೋಲ್‌ನಷ್ಟಿರುತ್ತದೆ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 1970ರ ದಶಕದಲ್ಲಿ ರೂಪುಗೊಂಡು ಈಗಲೂ ಆ ಹೆಸರಿನಿಂದಲೇ ಬಳಕೆಯಲ್ಲಿರುವ ದ್ರವದಲ್ಲಿ 16 ಮಿಲಿಮೋಲ್. ಹೃದಯದ ಜೀವಕೋಶಗಳ ಹೊರಗೆ ಪೊಟ್ಯಾಸಿಯಂ ಅಷ್ಟು ಏರಿದಾಗ ಅವುಗಳ ಪೊರೆಯಲ್ಲಿ ವಿದ್ಯುತ್ತಿನ ವ್ಯತ್ಯಾಸ ಕುಗ್ಗಿ, ಮುಂದಿನ ಬಡಿತಕ್ಕೆ ಬೇಕಾದ ಸಂಜ್ಞೆ ಹುಟ್ಟುವುದೇ ಇಲ್ಲ. ಹೃದಯ ಬಿಗಿಹಿಡಿದ ಸ್ಥಿತಿಯಲ್ಲಲ್ಲ, ಸಡಿಲಗೊಂಡ ಸ್ಥಿತಿಯಲ್ಲಿ ನಿಲ್ಲುತ್ತದೆ. ಪೊಟ್ಯಾಸಿಯಂನಿಂದ ಹೃದಯವನ್ನು ಬೇಕೆಂದೇ ನಿಲ್ಲಿಸಿ ಶಸ್ತ್ರಚಿಕಿತ್ಸೆ ಮಾಡಬಹುದೆಂದು 1955ರಲ್ಲಿ ತೋರಿಸಿದವರು ಇಂಗ್ಲೆಂಡಿನ ಡೆನಿಸ್ ಮೆಲ್ರೋಸ್. ಅವರು ಬಳಸಿದ ಪ್ರಮಾಣ ತೀರ ಹೆಚ್ಚಾಗಿದ್ದು ಸ್ನಾಯುವಿಗೆ ಪೆಟ್ಟು ಬೀಳುತ್ತಿದ್ದುದರಿಂದ ಆ ವಿಧಾನ ಕೆಲಕಾಲ ಮೂಲೆಗೆ ಬಿದ್ದು, ಹದ ಸರಿಹೋದ ಮೇಲೆ ಮರಳಿ ಬಂತು.

ಓಟಿಯಲ್ಲಿ ಇದನ್ನು ನೋಡಿದವರು ಮರೆಯುವುದಿಲ್ಲ. ಕ್ಲ್ಯಾಂಪ್‌ನ ಕೆಳಗೆ ಮಹಾಪಧಮನಿಯ ಬುಡಕ್ಕೆ ಚುಚ್ಚಿದ ಸೂಜಿಯಿಂದ ತಣ್ಣನೆಯ ದ್ರವ ಕೊರೊನರಿ ನಾಳಗಳಿಗೆ ಇಳಿಯುತ್ತಿದ್ದಂತೆ, ಎದೆಯೊಳಗೆ ಜಿಗಿಯುತ್ತಿದ್ದ ಹೃದಯ ಮೊದಲು ಹೆಜ್ಜೆ ತಪ್ಪುತ್ತದೆ, ಬಡಿತಗಳ ನಡುವೆ ಅಂತರ ಬೆಳೆಯುತ್ತದೆ, ಮಾನಿಟರಿನ ಗೆರೆ ನೇರವಾಗುತ್ತದೆ. ಬಣ್ಣ ಕಡುಗೆಂಪಿನಿಂದ ಮಾಸಲು ಕಂದಿಗೆ ತಿರುಗುತ್ತದೆ. ಸರ್ಜನ್ ಅದನ್ನು ಬೆರಳಲ್ಲಿ ಒತ್ತಿ ನೋಡುತ್ತಾರೆ: ಮೆತ್ತಗಿರಬೇಕು. ಉಬ್ಬಿ ಬಿಗಿಯಾಗಿದ್ದರೆ ಒಳಗೆ ರಕ್ತ ತುಂಬಿಕೊಳ್ಳುತ್ತಿದೆ ಎಂದರ್ಥ, ಹಿಗ್ಗಿದ ಸ್ನಾಯು ಮತ್ತೆ ಚೇತರಿಸಿಕೊಳ್ಳುವುದು ಕಷ್ಟ. ಅದಕ್ಕಾಗಿಯೇ ಕ್ಲ್ಯಾಂಪ್ ಹಾಕುವ ಹೊತ್ತಿಗೆ ಕೆಳಗಿನ ಮಹಾಸಿರೆಯನ್ನೂ ಎಡಭಾಗದಲ್ಲಿ ಒಂದು ಕಡೆಯನ್ನೂ ಕತ್ತರಿಸಿ ಹೊರಹರಿವಿಗೆ ದಾರಿ ಮಾಡಿರುತ್ತಾರೆ. ದ್ರವವನ್ನು ಎಷ್ಟು ಒತ್ತಡದಲ್ಲಿ ಬಿಡಬೇಕು ಎಂಬುದು ಪಂಪ್‌ನವರಿಗೂ ಸರ್ಜನ್‌ಗೂ ನಡುವೆ ಕಣ್ಣಿನಲ್ಲೇ ನಡೆಯುವ ಮಾತುಕತೆ. ಹೆಚ್ಚಾದರೆ ಸೂಕ್ಷ್ಮ ನಾಳಗಳು ಹಾಳು, ಕಡಿಮೆಯಾದರೆ ಸ್ನಾಯುವಿನ ಒಳಪದರಕ್ಕೆ ದ್ರವ ತಲುಪುವುದೇ ಇಲ್ಲ.

ತಂಪಿಗೆ ಅದರದೇ ಕೇಡುಗಳಿವೆ. ಉಷ್ಣತೆ ಹತ್ತು ಡಿಗ್ರಿ ಇಳಿದರೆ ಜೀವಕೋಶದ ರಾಸಾಯನಿಕ ಕ್ರಿಯೆಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತವೆ. 37 ಡಿಗ್ರಿಯಿಂದ 4 ಡಿಗ್ರಿಗೆ ಬಂದರೆ ಬಹಳಷ್ಟು ಲಾಭವೇ. ಆದರೆ ಸೋಡಿಯಂ ಹೊರಗೆ ಹಾಕಿ ಪೊಟ್ಯಾಸಿಯಂ ಒಳಗೆಳೆಯುವ ಕೋಶದ ಪಂಪುಗಳೂ ಆ ಚಳಿಯಲ್ಲಿ ನಿಂತುಹೋಗುತ್ತವೆ. ಸೋಡಿಯಂ ಒಳಗೆ ನುಗ್ಗುತ್ತದೆ, ಅದರ ಬೆನ್ನಿಗೆ ನೀರು, ಕೋಶ ಊದಿಕೊಳ್ಳುತ್ತದೆ. ಇದನ್ನು ತಡೆಯಲು ಸಂರಕ್ಷಣಾ ದ್ರವಗಳಲ್ಲಿ ಕೋಶದೊಳಗೆ ಹೋಗಲಾರದ ದೊಡ್ಡ ಅಣುಗಳನ್ನು ಸೇರಿಸಿರುತ್ತಾರೆ. ಅವು ನೀರನ್ನು ಹೊರಗೆಯೇ ಹಿಡಿದಿಡುತ್ತವೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಬೆಲ್ಜರ್ ಮತ್ತು ಸೌದರ್ಡ್ 1980ರ ದಶಕದಲ್ಲಿ ಸಿದ್ಧಪಡಿಸಿದ ದ್ರವದಲ್ಲಿ ಲ್ಯಾಕ್ಟೋಬಯೋನೇಟ್, ರಾಫಿನೋಸ್ ಎಂಬವು ಈ ಕೆಲಸಕ್ಕಿವೆ. ಜರ್ಮನಿಯ ಬ್ರೆಟ್‌ಶ್ನೈಡರ್ ರೂಪಿಸಿದ ಇನ್ನೊಂದು ದ್ರವದ ದಾರಿಯೇ ಬೇರೆ: ಸೋಡಿಯಂ ಪ್ರಮಾಣವನ್ನೇ ತಗ್ಗಿಸಿ ಹೃದಯವನ್ನು ನಿಲ್ಲಿಸುವುದು, ಗಾಳಿಯಿಲ್ಲದ ಹೊತ್ತಿನಲ್ಲಿ ಹುಟ್ಟುವ ಆಮ್ಲವನ್ನು ಹಿಸ್ಟಿಡಿನ್‌ನಿಂದ ತಣಿಸುವುದು. ಯಾವುದು ಮೇಲು ಎಂದು ಸರ್ಜನ್‌ಗಳು ಇಂದಿಗೂ ವಾದಿಸುತ್ತಾರೆ. ತಮಗೆ ಕೈಪಳಗಿದ್ದನ್ನೇ ಎಲ್ಲರೂ ಸಮರ್ಥಿಸುವುದನ್ನು ನಾನು ಕಂಡಿದ್ದೇನೆ.

ಇನ್ನೊಂದು ಕೇಡು ಐಸ್ ನೇರವಾಗಿ ತಾಗುವುದು. ಫ್ರಿಜ್ಜಿನ ಹಿಂಗೋಡೆಗೆ ಒತ್ತಿಕೊಂಡಿದ್ದ ಟೊಮೇಟೊವನ್ನು ಹೊರಗೆ ತೆಗೆದಿಟ್ಟರೆ ಆ ಒಂದು ಬದಿ ಮಾತ್ರ ನೀರೊಡೆದು ಮೆತ್ತಗಾಗುವುದನ್ನು ಎಲ್ಲರೂ ನೋಡಿರುತ್ತಾರೆ. ಹೃದಯದ ಸ್ನಾಯುವಿನಲ್ಲಿಯೂ ನೀರು ಹರಳುಗಟ್ಟಿದರೆ ಆಗುವುದು ಅದೇ. ಆದ್ದರಿಂದ ಹೃದಯಕ್ಕೆ ಮೂರು ಚೀಲಗಳ ಕಟ್ಟು. ಮೊದಲನೆಯ ಚೀಲದಲ್ಲಿ ತಣ್ಣನೆಯ ಸಂರಕ್ಷಣಾ ದ್ರವ, ಅದರಲ್ಲಿ ಹೃದಯ ಪೂರ್ತಿ ಮುಳುಗಿರಬೇಕು. ಒಳಗಿನ ಗಾಳಿಯನ್ನು ಹಿಸುಕಿ ತೆಗೆದು ಬಾಯಿಯನ್ನು ದಪ್ಪ ಟೇಪಿನಿಂದ ಬಿಗಿಯುತ್ತಾರೆ. ಅದನ್ನು ತಂಪು ಸಲೈನ್ ಇರುವ ಎರಡನೆಯ ಚೀಲಕ್ಕೆ, ಅದನ್ನು ಮೂರನೆಯದಕ್ಕೆ ಇಳಿಸಿ, ಒಂದೊಂದನ್ನೂ ಬೇರೆ ಬೇರೆಯಾಗಿ ಕಟ್ಟಿ, ಕೊನೆಗೆ ಐಸ್ ತುಂಬಿದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಹೃದಯ ಬಿಡಿಸುವಾಗ ಎದೆಯೊಳಗೆ ಸುರಿಯಲು ಬೇಕಾದ ‘ಸ್ಲಶ್’ ಅನ್ನು ನಮ್ಮಲ್ಲಿ ಹೇಗೆ ತಯಾರಿಸುತ್ತಿದ್ದೆವೆಂದರೆ, ಸಲೈನ್ ಬಾಟಲಿಗಳನ್ನು ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿಟ್ಟು, ಗಟ್ಟಿಯಾದ ಮೇಲೆ ಬಾಟಲಿ ತೆರೆಯುವ ಮೊದಲು ಹೊರಗಿನಿಂದಲೇ ಸುತ್ತಿಗೆಯಲ್ಲಿ ಕುಟ್ಟಿ ಪುಡಿ ಮಾಡುತ್ತಿದ್ದೆವು. ಕೋಟಿಗಟ್ಟಲೆ ಬೆಲೆಯ ಯಂತ್ರಗಳ ನಡುವೆ ಒಬ್ಬ ವಾರ್ಡ್ ಬಾಯ್ ನೆಲಕ್ಕೆ ಕುಳಿತು ಟಕಟಕ ಎಂದು ಸುತ್ತಿಗೆ ಆಡಿಸುವುದನ್ನು ಕಂಡ ಹೊಸಬರು ಬೆರಗಾಗುತ್ತಿದ್ದರು. ಪತ್ರಿಕೆಯ ಚಿತ್ರಗಳಲ್ಲಿ ವೈದ್ಯರ ಕೈಯಲ್ಲಿ ಕಾಣುವ ಪೆಟ್ಟಿಗೆಯೂ ಬಹಳ ಸಲ ಪಿಕ್‌ನಿಕ್‌ಗೆ ನೀರು ಒಯ್ಯುವಂಥ ಸಾಮಾನ್ಯ ಐಸ್ ಬಾಕ್ಸೇ. ಅದರಲ್ಲಿ ಉಷ್ಣತೆ ಒಂದೇ ಸಮನಿರುವುದಿಲ್ಲ. ದಾರಿ ಉದ್ದವಾದಷ್ಟೂ ಹೃದಯ ಬೇಕಾದ್ದಕ್ಕಿಂತ ಹೆಚ್ಚು ತಣ್ಣಗಾಗುವ ಅಪಾಯವೇ ಇರುತ್ತದೆ.

ಈ ವಿದ್ಯೆ ಆರಂಭವಾದಾಗ ದೂರದ ಪ್ರಶ್ನೆಯೇ ಇರಲಿಲ್ಲ. 1967ರ ಡಿಸೆಂಬರ್ 3ರಂದು ಕೇಪ್‌ಟೌನಿನ ಗ್ರೂಟ್ ಶೂರ್ ಆಸ್ಪತ್ರೆಯಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ಮೊದಲ ಮಾನವ ಹೃದಯ ಕಸಿ ಮಾಡಿದಾಗ ದಾನಿಯೂ ರೋಗಿಯೂ ಅಕ್ಕಪಕ್ಕದ ಕೊಠಡಿಗಳಲ್ಲಿದ್ದರು. ರೋಗಿ ಬದುಕಿದ್ದು 18 ದಿನ. ಅದಕ್ಕೂ ಏಳು ವರ್ಷ ಮೊದಲೇ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ನಾರ್ಮನ್ ಶಮ್ವೇ ಮತ್ತು ರಿಚರ್ಡ್ ಲೋವರ್ ನಾಯಿಗಳ ಹೃದಯವನ್ನು ತಣ್ಣನೆಯ ಸಲೈನ್‌ನಲ್ಲಿ ಮುಳುಗಿಸಿಟ್ಟು ಕಸಿ ಮಾಡಿ ತೋರಿಸಿದ್ದರು. ಇಂದಿನ ಐಸ್ ಪೆಟ್ಟಿಗೆಯ ಮೂಲ ಅಲ್ಲಿದೆ. ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಡಾ. ಪಿ.ಕೆ. ಸೇನ್ 1968ರ ಫೆಬ್ರುವರಿಯಲ್ಲಿಯೇ ಪ್ರಯತ್ನಿಸಿದ್ದರು, ರೋಗಿ ಕೆಲವೇ ಗಂಟೆ ಬದುಕಿದ. ಆಮೇಲೆ ನಮ್ಮ ದೇಶ ಇಪ್ಪತ್ತಾರು ವರ್ಷ ಕಾಯಿತು. ಮಿದುಳು ನಿಷ್ಕ್ರಿಯತೆಯನ್ನು ಸಾವೆಂದು ಒಪ್ಪುವ ಅಂಗಾಂಗ ಕಸಿ ಕಾಯ್ದೆಗೆ 1994ರ ಜುಲೈಯಲ್ಲಿ ರಾಷ್ಟ್ರಪತಿಯವರ ಅಂಕಿತ ದೊರೆಯಿತು, ಅದೇ ವರ್ಷದ ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ಅವರ ತಂಡ ಭಾರತದ ಮೊದಲ ಯಶಸ್ವಿ ಹೃದಯ ಕಸಿಯನ್ನು ಮಾಡಿತು.

ದೂರದಿಂದ ಹೃದಯ ತರುವುದು ನಮ್ಮಲ್ಲಿ ಜನರ ಬಾಯಿಗೆ ಬಂದದ್ದು ಗ್ರೀನ್ ಕಾರಿಡಾರ್‌ಗಳಿಂದ. 2014ರಲ್ಲಿ ಬೆಂಗಳೂರಿನಿಂದ ಚೆನ್ನೈಗೆ ವಿಮಾನದಲ್ಲಿ ಹೃದಯ ಹೋದಾಗ ಎರಡೂ ನಗರಗಳ ಪೊಲೀಸರು ದಾರಿ ಬಿಡಿಸಿದ್ದು ದೊಡ್ಡ ಸುದ್ದಿಯಾಯಿತು. 2022ರಲ್ಲಿ ನಮ್ಮ ನೆರೆಯ ಚಿಕ್ಕಮಗಳೂರಿನಿಂದ ಹೆಲಿಕಾಪ್ಟರಿನಲ್ಲಿ ಬೆಂಗಳೂರಿಗೆ ಹೃದಯ ಸಾಗಿತು. 2025ರ ಜನವರಿಯಲ್ಲಿ ಹೈದರಾಬಾದಿನ ಮೆಟ್ರೋ ರೈಲು 13 ಕಿಲೋಮೀಟರನ್ನು 13 ನಿಮಿಷದಲ್ಲಿ ಮುಗಿಸಿ ಹೃದಯವನ್ನು ತಲುಪಿಸಿತು; ಅದೇ ವರ್ಷದ ಆಗಸ್ಟ್‌ನಲ್ಲಿ ನಮ್ಮ ಮೆಟ್ರೋ ವೈಟ್‌ಫೀಲ್ಡ್‌ನಿಂದ ರಾಜರಾಜೇಶ್ವರಿ ನಗರದ ಕಡೆಗೆ ಯಕೃತ್ತನ್ನು ಒಯ್ದಿತು. ಈ ಎಲ್ಲದರ ಬಗ್ಗೆ ನನಗೆ ಗೌರವವಿದೆ. ಆದರೆ ಸೈರನ್ನಿನ ಸದ್ದಿಗೆ ಸಿಗುವ ಪ್ರಚಾರದಲ್ಲಿ ಕಾಲುಭಾಗವಾದರೂ ಪೆಟ್ಟಿಗೆಯ ಒಳಗಿನ ದ್ರವಕ್ಕೆ ಸಿಗಬೇಕಿತ್ತು ಎಂಬುದು ನನ್ನ ದೂರು. ರಸ್ತೆ ತೆರವು ಮಾಡುವುದರಿಂದ ನಗರದೊಳಗೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಉಳಿಯುತ್ತದೆ. ದಾವಣಗೆರೆಯಂಥ ಊರಿಗೆ ಬೇಕಾಗಿರುವುದು ಗಂಟೆಗಳ ಲೆಕ್ಕದ ಉಳಿತಾಯ. ನಮಗೆ ವಿಮಾನ ನಿಲ್ದಾಣವಿಲ್ಲ. 2023ರಲ್ಲಿ ತೆರೆದ ಶಿವಮೊಗ್ಗದ ನಿಲ್ದಾಣಕ್ಕೆ ಹೋಗಲು ಗಂಟೆಯ ಮೇಲೆ ಬೇಕು, ಹುಬ್ಬಳ್ಳಿ ಅದಕ್ಕಿಂತ ದೂರ. ಹೆಲಿಕಾಪ್ಟರ್ ಸಿಕ್ಕರೆ ಕೆಲಸ ಆಗುತ್ತದೆ ನಿಜ, ಆದರೆ ದಾನಿಯ ಶಸ್ತ್ರಚಿಕಿತ್ಸೆಗಳು ಎಷ್ಟೋ ಸಲ ನಡೆಯುವುದು ಹೆಲಿಕಾಪ್ಟರ್ ಹಾರಿಸುವುದು ಕಷ್ಟವಾದ ನಡುರಾತ್ರಿಯಲ್ಲಿ.

ಹೀಗಾಗಿ ನನ್ನ ಆಸೆಯೆಲ್ಲ ಪೆಟ್ಟಿಗೆಯ ಮೇಲೆಯೇ. ಈ ಹತ್ತು ಹನ್ನೆರಡು ವರ್ಷಗಳಲ್ಲಿ ಹೃದಯ ಸಾಗಿಸುವ ಪೆಟ್ಟಿಗೆ ಎರಡು ಬೇರೆ ದಿಕ್ಕುಗಳಲ್ಲಿ ಬೆಳೆದಿದೆ. ಒಂದು, ತೆಗೆದ ಹೃದಯವನ್ನು ಮತ್ತೆ ಬಡಿಯುವಂತೆ ಮಾಡಿ ಒಯ್ಯುವ ಯಂತ್ರ: ದಾನಿಯದೇ ರಕ್ತವನ್ನು ಬೆಚ್ಚಗೆ, ಸುಮಾರು 34 ಡಿಗ್ರಿಯಲ್ಲಿ, ಹರಿಸುತ್ತ ಹೃದಯ ಪೆಟ್ಟಿಗೆಯೊಳಗೆ ಬಡಿಯುತ್ತಲೇ ಇರುವಂತೆ ನೋಡಿಕೊಳ್ಳುತ್ತದೆ. ಟ್ರಾನ್ಸ್‌ಮೆಡಿಕ್ಸ್ ಎಂಬ ಕಂಪನಿಯ ಈ ಯಂತ್ರಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2021ರಲ್ಲಿ ಒಪ್ಪಿಗೆ ಕೊಟ್ಟಿತು. ಆಮ್ಲಜನಕ ಸಾಲದಾದಾಗ ಸ್ನಾಯುವಿನಿಂದ ಹೆಚ್ಚಾಗಿ ಹೊರಬರುವ ಲ್ಯಾಕ್ಟೇಟನ್ನು ದಾರಿಯಲ್ಲಿಯೇ ಅಳೆದು ಹೃದಯದ ಸ್ಥಿತಿ ತಿಳಿಯಬಹುದು ಎಂಬುದು ಇದರ ದೊಡ್ಡ ಗುಣ. ಆದರೆ ಒಂದೊಂದು ಬಳಕೆಗೂ ಹತ್ತಾರು ಲಕ್ಷ ರೂಪಾಯಿಯ ಬಿಡಿಭಾಗ ಬೇಕು, ಜೊತೆಗೆ ಪಳಗಿದವರ ತಂಡವೇ ಪ್ರಯಾಣ ಮಾಡಬೇಕು. ಒಮ್ಮೆ ಯಂತ್ರ ಕೈಕೊಟ್ಟರೆ ಬೆಚ್ಚಗಿರುವ ಹೃದಯಕ್ಕೆ ನಿಮಿಷಗಳ ಅವಕಾಶವೂ ಇರುವುದಿಲ್ಲ. ನಮ್ಮ ಭಾಗಕ್ಕೆ ಇದು ಒಗ್ಗೀತು ಎಂದು ನನಗೆ ಅನ್ನಿಸುವುದಿಲ್ಲ.

ಎರಡನೆಯದು ಸ್ವೀಡನ್ನಿನ ಲುಂಡ್‌ನ ಸರ್ಜನ್ ಸ್ಟಿಗ್ ಸ್ಟೀನ್ ರೂಪಿಸಿದ ದಾರಿ. ಇಲ್ಲಿ ಹೃದಯ ನಿಂತೇ ಇರುತ್ತದೆ, ತಂಪಾಗಿಯೇ ಇರುತ್ತದೆ, ಆದರೆ ಐಸ್‌ನಷ್ಟು ತಂಪಲ್ಲ, 8 ಡಿಗ್ರಿ. ಆಮ್ಲಜನಕ ಬೆರೆಸಿದ ದ್ರವವನ್ನು ತೀರ ಕಡಿಮೆ ಒತ್ತಡದಲ್ಲಿ ಅದರ ನಾಳಗಳ ಮೂಲಕ ಹರಿಸುತ್ತಿರುತ್ತಾರೆ. ನಿಂತ ಹೃದಯಕ್ಕೆ ಬೇಕಾದ ಅಲ್ಪಸ್ವಲ್ಪ ಆಮ್ಲಜನಕ ಅದರಿಂದಲೇ ಸಿಕ್ಕಿಬಿಡುತ್ತದೆ. ಅಕಸ್ಮಾತ್ ಹರಿವು ನಿಂತರೂ ತಣ್ಣಗಿರುವುದರಿಂದ ಕೂಡಲೇ ಅನಾಹುತವಿಲ್ಲ. 2022ರ ಜನವರಿಯಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಮನುಷ್ಯನಿಗೆ ಜೋಡಿಸಿದ ಹಂದಿಯ ಹೃದಯವನ್ನು ಕಾಪಾಡಿಟ್ಟಿದ್ದೂ ಇದೇ ಬಗೆಯ ಪೆಟ್ಟಿಗೆಯಲ್ಲಿ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ ಸುದ್ದಿ ಫ್ರಾನ್ಸಿನದು: ಅಟ್ಲಾಂಟಿಕ್ ಸಾಗರದ ಆಚೆ ದಂಡೆಯ ಫ್ರೆಂಚ್ ವೆಸ್ಟ್ ಇಂಡೀಸ್ ದ್ವೀಪಗಳಿಂದ ಪ್ಯಾರಿಸ್‌ಗೆ ಸಾಮಾನ್ಯ ಪ್ರಯಾಣಿಕ ವಿಮಾನದಲ್ಲಿ ಹೃದಯಗಳನ್ನು ತಂದು, ಸುಮಾರು 12 ಗಂಟೆಗಳ ಸಂರಕ್ಷಣೆಯ ನಂತರ ಕಸಿ ಮಾಡಿದ ವರದಿಯನ್ನು ಅಲ್ಲಿಯ ತಂಡ 2024ರಲ್ಲಿ ಪ್ರಕಟಿಸಿತು. ಹನ್ನೆರಡು ಗಂಟೆ ಸಿಗುವುದಾದರೆ ದಾವಣಗೆರೆಯಷ್ಟೇ ಅಲ್ಲ, ಬೀದರ್‌ನ ಹೃದಯವೂ ಬೆಂಗಳೂರಿಗೆ ರಸ್ತೆಯಲ್ಲಿಯೇ ಹೋದೀತು, ಚಾಲಕನೂ ನೆಮ್ಮದಿಯಿಂದ ಗಾಡಿ ಓಡಿಸಿಯಾನು. ಇದೂ ಅಗ್ಗದ ವಸ್ತುವಲ್ಲ. ಆದರೆ ಸರ್ಕಾರ ಹಣ ಹಾಕಬೇಕಾದ ಜಾಗ ಯಾವುದೆಂದು ನನ್ನನ್ನು ಕೇಳಿದರೆ ಈ 8 ಡಿಗ್ರಿಯ ಪೆಟ್ಟಿಗೆಯ ಕಡೆಗೇ ಕೈ ತೋರಿಸುತ್ತೇನೆ.

ಪೆಟ್ಟಿಗೆ ಬಂದರೂ ಅದರಲ್ಲಿಡುವ ಹೃದಯ ಇಲ್ಲಿಯ ಐಸಿಯುನಲ್ಲಿ ಉಳಿದಿರಬೇಕಲ್ಲ. ಸಂರಕ್ಷಣೆ ನಿಜವಾಗಿ ಆರಂಭವಾಗುವುದು ಕ್ಲ್ಯಾಂಪ್‌ಗೂ ಬಹಳ ಮೊದಲು. ಮಿದುಳಿನ ಕಾಂಡ ಸಾಯುವ ಹೊತ್ತಿನಲ್ಲಿ ದೇಹದಲ್ಲಿ ಅಡ್ರಿನಲಿನ್ ಬಗೆಯ ರಾಸಾಯನಿಕಗಳ ದೊಡ್ಡ ಅಲೆಯೊಂದು ಏಳುತ್ತದೆ. ರಕ್ತದೊತ್ತಡ ಒಮ್ಮೆ ಹುಚ್ಚೆದ್ದು ಏರಿ ಆಮೇಲೆ ಕುಸಿಯುತ್ತದೆ, ಆ ಏರಿಳಿತದಲ್ಲಿಯೇ ಹೃದಯದ ಸ್ನಾಯುವಿಗೆ ಪೆಟ್ಟಾಗಿರುತ್ತದೆ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕೈಬಿಡುವುದರಿಂದ ಮೂತ್ರ ತಡೆಯಿಲ್ಲದೆ ಹರಿದು ಸೋಡಿಯಂ ಏರುತ್ತದೆ, ಮೈಯ ಬಿಸಿ ಆರುತ್ತದೆ. ಮೂತ್ರದ ಹರಿವನ್ನು ತಡೆಯುವ ವ್ಯಾಸೊಪ್ರೆಸಿನ್, ಸ್ಟೀರಾಯ್ಡ್, ಕೆಲವೊಮ್ಮೆ ಥೈರಾಯ್ಡ್ ಹಾರ್ಮೋನ್ ಕೊಟ್ಟು, ದ್ರವದ ಲೆಕ್ಕವನ್ನು ಗಂಟೆಗೊಮ್ಮೆ ಸರಿಪಡಿಸುತ್ತ, ಸತ್ತವರನ್ನು ಬದುಕಿರುವವರಿಗಿಂತ ಹೆಚ್ಚು ಎಚ್ಚರದಿಂದ ನೋಡಿಕೊಳ್ಳಬೇಕಾದ ವಿಚಿತ್ರ ಹೊಣೆ ಅಲ್ಲಿಯ ದಾದಿಯರದು. ಇದಕ್ಕೆ ಬೇಕಾದದ್ದು ಹೊಸ ಯಂತ್ರವಲ್ಲ, ವೆಂಟಿಲೇಟರ್ ಮತ್ತು ತಿಳಿವಳಿಕೆ. 1965ರಿಂದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ನಡೆಯುತ್ತಿರುವ, ಬಾಪೂಜಿ ಆಸ್ಪತ್ರೆ, ಚಿಗಟೇರಿ ಜಿಲ್ಲಾಸ್ಪತ್ರೆಗಳಿರುವ ಊರಿಗೆ ಇದು ಎಟುಕದ ವಿಷಯವಲ್ಲ.

ಮಿದುಳು ನಿಷ್ಕ್ರಿಯಗೊಂಡಿದೆ ಎಂದು ಘೋಷಿಸಲು ಕಾಯ್ದೆಯ ಪ್ರಕಾರ ನಾಲ್ವರು ವೈದ್ಯರ ಮಂಡಳಿ ಬೇಕು, ಪರೀಕ್ಷೆಗಳನ್ನು ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಮಾಡಬೇಕು, ಕಸಿ ಮಾಡುವ ತಂಡದವರು ಆ ಮಂಡಳಿಯಲ್ಲಿ ಇರುವಂತಿಲ್ಲ. ವೆಂಟಿಲೇಟರನ್ನು ಬಿಡಿಸಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೂ ತಾನಾಗಿ ಉಸಿರಾಡುವ ಯತ್ನ ಇಲ್ಲವೆಂದು ಕಾಣುವ ಪರೀಕ್ಷೆ ಇದರಲ್ಲಿ ಮುಖ್ಯ. ಹೆದ್ದಾರಿಯ ಅಪಘಾತವಾದರೆ ಪೊಲೀಸರ ಮಹಜರು ಮತ್ತು ಮರಣೋತ್ತರ ಪರೀಕ್ಷೆಯ ಏರ್ಪಾಡೂ ಜೊತೆಗೆ ಸಾಗಬೇಕು. ಮನೆಯವರು ಒಪ್ಪಿದ ಮೇಲೆ ರಾಜ್ಯದ ‘ಜೀವಸಾರ್ಥಕತೆ’ ಸಂಸ್ಥೆಯ ಸಂಯೋಜಕರು ಕಾಯುವವರ ಪಟ್ಟಿಯನ್ನು ನೋಡಿ ಯಾವ ಅಂಗ ಎಲ್ಲಿಗೆ ಎಂದು ಗೊತ್ತುಮಾಡುತ್ತಾರೆ. ಹೊರಜಗಲಿಯಲ್ಲಿ ಕುಳಿತ ತಂದೆತಾಯಿಗೆ ಈ ಗಂಟೆಗಳು ಹೇಗಿರುತ್ತವೆ ಎಂಬುದನ್ನು ಬರೆಯುವ ಶಕ್ತಿ ನನಗಿಲ್ಲ. ಆದರೆ ಎದೆ ಏರಿಳಿಯುತ್ತಿರುವ, ಮೈ ಬೆಚ್ಚಗಿರುವ ಮಗ ತೀರಿಕೊಂಡಿದ್ದಾನೆ ಎಂದು ಅವರಿಗೆ ಹೇಳುವವರು ಅವರ ಭಾಷೆಯಲ್ಲಿಯೇ, ಅವಸರವಿಲ್ಲದೆ, ಹೃದಯದ ಮಾತೆತ್ತುವುದಕ್ಕೆ ಬಹಳ ಮೊದಲೇ ಹೇಳಿರಬೇಕು. ಸಾವಿನ ಸುದ್ದಿಯನ್ನೂ ದಾನದ ಕೋರಿಕೆಯನ್ನೂ ಒಂದೇ ಉಸಿರಿನಲ್ಲಿ ಆಡಿದರೆ ಯಾವ ಮನೆಯವರಾದರೂ ಅನುಮಾನ ಪಡುತ್ತಾರೆ, ಅವರನ್ನು ತಪ್ಪೆನ್ನಲಾಗದು.

ಪೆಟ್ಟಿಗೆ ಬರುವವರೆಗೆ ನಮ್ಮ ಕಡೆಯ ದಾನಿಗಳಿಂದ ಏನೂ ಪ್ರಯೋಜನವಿಲ್ಲವೇ ಎಂದು ಕೇಳುವವರಿಗೆ ಒಂದು ವಿವರ ಹೇಳಬೇಕು. ಮೂತ್ರಪಿಂಡ ಐಸ್‌ನಲ್ಲಿ ಒಂದು ದಿನದಷ್ಟು ತಾಳುತ್ತದೆ, ಯಕೃತ್ತು ಎಂಟರಿಂದ ಹನ್ನೆರಡು ಗಂಟೆ. ಬೆಂಗಳೂರಷ್ಟೇ ಏಕೆ, ಹುಬ್ಬಳ್ಳಿಗೂ ಮಂಗಳೂರಿಗೂ ಅವು ಆರಾಮವಾಗಿ ತಲುಪುತ್ತವೆ. ಇನ್ನು ಹೃದಯ ಇಡಿಯಾಗಿ ಹೋಗಲಾಗದಿದ್ದರೂ ಅದರ ಕವಾಟಗಳು ಹೋಗಬಹುದು. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ತೀರಿಕೊಂಡಾಗ ಅವರ ಕುಟುಂಬ ದಾನ ಮಾಡಿದ ಅಂಗಗಳ ಪಟ್ಟಿಯಲ್ಲಿ ಹೃದಯದ ಕವಾಟಗಳಿದ್ದುದನ್ನು ಓದಿ, ಕವಾಟಗಳು ಮಾತ್ರವೇಕೆ ಎಂದು ನನ್ನನ್ನು ಕೇಳಿದವರಿದ್ದರು. ಕವಾಟದ ಅಂಗಾಂಶ ಸ್ನಾಯುವಿನಂತೆ ಹಸಿವಿನದಲ್ಲ. ಹೃದಯ ನಿಂತು ಹಲವು ಗಂಟೆ ಕಳೆದ ಮೇಲೆಯೂ, ಸಾವಿನಿಂದ ಒಂದು ದಿನದೊಳಗೆ, ಅದನ್ನು ತೆಗೆಯಬಹುದು. ಆ್ಯಂಟಿಬಯೊಟಿಕ್ ದ್ರವದಲ್ಲಿ 4 ಡಿಗ್ರಿಯಲ್ಲಿಟ್ಟರೆ ವಾರಗಟ್ಟಲೆ, ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಗೆ ಇಳಿಸಿಟ್ಟರೆ ವರ್ಷಗಟ್ಟಲೆ ಇರುತ್ತದೆ. ಶ್ವಾಸಕೋಶದ ಕಡೆಗೆ ರಕ್ತ ಹೋಗುವ ದಾರಿಯೇ ಸರಿಯಾಗಿ ಬೆಳೆಯದೆ ಹುಟ್ಟುವ ಮಕ್ಕಳಿಗೆ ಇಂಥ ಕವಾಟವನ್ನು ಅದರ ಧಮನಿಯ ತುಂಡಿನ ಸಮೇತ ಹೊಲಿಯುತ್ತಾರೆ. ಲೋಹದ ಕವಾಟ ಹಾಕಿಸಿಕೊಂಡವರು ಜೀವಮಾನವಿಡೀ ನುಂಗಬೇಕಾದ ರಕ್ತ ತೆಳುವಾಗಿಸುವ ಮಾತ್ರೆ ಆ ಮಕ್ಕಳಿಗೆ ಬೇಕಾಗುವುದಿಲ್ಲ, ಆದರೆ ಮಗು ಬೆಳೆದಂತೆ ಕವಾಟ ಬೆಳೆಯದ ಕಾರಣ ಕೆಲವು ವರ್ಷಗಳ ನಂತರ ಅದನ್ನು ಬದಲಿಸಬೇಕಾಗುತ್ತದೆ.